ಕುಡಿಯದವನ ಆಣೆ

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ನಂಜನಗೂಡಿನ ಕಚೇರಿಯಲ್ಲಿ ಗುಮಾಸ್ತನಾಗಿದ್ದ ನನಗೆ ಕಣ್ಣೆಲ್ಲ ಅರಿಸಿನ ಬಳಿದಂತಾಯಿತು. ಗಂಡಸಿಗೆ ಕಾಮಾಲೆ ಬಂದರೆ ನಮ್ಮ ಕಡೆ ಕೇಳುವುದು ಒಂದೇ, ಎಷ್ಟು ಕುಡೀತಾನೆ ಅಂತ. ಕೊರಳಲ್ಲಿ ಲಿಂಗ ಕಟ್ಟಿದ ಮನೆತನ ನಮ್ಮದು, ನಾನು ಒಂದು ತೊಟ್ಟು ಮುಟ್ಟಿದವನಲ್ಲ. ಆದರೂ ಜೊತೆಯವರು, "ಏನ್ ಗುರುವೇ, ಬ್ರಾಂದಿನಾ, ವಿಸ್ಕಿನಾ?" ಎಂದು ಹಲ್ಲು ಕಿರಿದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಫೈಲು ಕುಕ್ಕಿ ಎದ್ದುಬಂದೆ.

ಅವ್ವ ಹದಿನಾರು ಎಂಬ ಊರಿಗೆ ಎಳೆದುಕೊಂಡು ಹೋದಳು. ಅಲ್ಲೊಬ್ಬ ಅಜ್ಜಿ ಕಾಮಾಲೆಗೆ ಸೊಪ್ಪಿನ ಮದ್ದು ಕೊಡುತ್ತಿದ್ದಳು. ಗಂಡಸರು ಮೊದಲು ವೀಳ್ಯದೆಲೆ ಮುಟ್ಟಿ, ಇನ್ನು ಕುಡಿಯುವುದಿಲ್ಲ ಎಂದು ಆಣೆ ಇಡಬೇಕು.

"ನಾನು ಕುಡಿಯೋದೇ ಇಲ್ಲ ಕಣಜ್ಜಿ."

"ಎಲ್ರೂ ಅಂಗೇ ಅನ್ನದು. ಇಡಪ್ಪ ಆಣೆಯ. ಇಲ್ದಿದ್ರೆ ಮದ್ದು ನಾಟಾಕಿಲ್ಲ."

ಹಿಂದೆ ಕಾದಿದ್ದವರು ಗೊಣಗಿದರು. ಹಾಳಾಗಿ ಹೋಗಲಿ ಎಂದು ಎಲೆ ಮುಟ್ಟಿ, "ಇನ್ನು ಕುಡಿಯಲ್ಲ" ಎಂದುಬಿಟ್ಟೆ. ಅವ್ವ ತಿರುಗಿ ನನ್ನ ಮುಖವನ್ನೇ ನೋಡಿದಳು. ಅಯ್ಯೋ, ಅಲ್ಲಿಯವರೆಗೆ ಅವಳೊಬ್ಬಳು ನನ್ನನ್ನು ನಂಬಿದ್ದಳು.

ಮದ್ದು ನಾಟಲಿಲ್ಲ. ಹೊಟ್ಟೆನೋವು, ಚಳಿಜ್ವರ ಹತ್ತಿ ಮೈಸೂರಿನ ಆಸ್ಪತ್ರೆ ಸೇರಿದೆ. ಪಿತ್ತಕೋಶದ ತುಂಬ ಕಲ್ಲು, ಅದರಲ್ಲೊಂದು ಜಾರಿ ಪಿತ್ತನಾಳಕ್ಕೆ ಅಡ್ಡ ಕೂತಿತ್ತಂತೆ. ಒಂದೇ ಸಲ ಪ್ರಜ್ಞೆ ತಪ್ಪಿಸಿ ಎರಡೂ ಕೆಲಸ ಮುಗಿಸಿದರು. ಹೊಟ್ಟೆಗೆ ಸಣ್ಣ ತೂತು ಕೊರೆದು ಪಿತ್ತಕೋಶ ತೆಗೆದರು. ಅದೇ ಟೇಬಲ್ಲಿನ ಮೇಲೆ ಬಾಯಿಂದ ಕ್ಯಾಮರಾ ಇರುವ ಕೊಳವೆ ಇಳಿಸಿ, ನಾಳದ ಕಲ್ಲನ್ನು ಕರುಳಿಗೆ ಎಳೆದು ಹಾಕಿದರು.

ಮಾರನೆಯ ಬೆಳಿಗ್ಗೆ ಡಾಕ್ಟರು ಪಿತ್ತಕೋಶದ ಕಲ್ಲುಗಳಿದ್ದ ಬಾಟಲಿಯನ್ನು ಅವ್ವನ ಮುಂದೆ ಹಿಡಿದು, "ಕಾಮಾಲೆ ಬಂದಿದ್ದು ಇಂಥ ಕಲ್ಲಿನಿಂದಮ್ಮ, ಕುಡಿತದಿಂದಲ್ಲ" ಎಂದರು. ಸದ್ಯ, ಮಾನ ಉಳಿಯಿತು ಅಂದುಕೊಂಡೆ.

ಅವ್ವ ಕೈಮುಗಿದಳು. "ನೀವ್ ದೊಡ್ಡೋರು, ನಮ್ ಮಾನ ಮುಚ್ತೀರಿ ಸಾ. ನನ್ ಮಗ ಆಣೆ ಇಟ್ಟವ್ನೆ, ಇನ್ ಮುಟ್ಟಾಕಿಲ್ಲ."

ಪಕ್ಕದ ಮಂಚದವನು ಕಿಸಕ್ಕನೆ ನಕ್ಕ. ನಾಚಿಕೆಯಿಂದ ಕುಗ್ಗಿ ಹೊದಿಕೆಯನ್ನು ಮುಖದ ಮೇಲೆಳೆದುಕೊಂಡೆ.

ಆಮೇಲೆ ಎಷ್ಟು ಹೇಳಿದರೂ ಅವಳದು ಒಂದೇ ಪ್ರಶ್ನೆ: "ಕುಡೀದೋನು ಆಣೆ ಯಾಕ್ಲಾ ಇಟ್ಟೆ?" ಸಂಜೆ ಬಸ್ಸಿಳಿದು ನಮ್ಮೂರು ಸೋಸಲೆಯ ಮನೆಗೆ ಬಂದರೆ, ಜಗಲಿಯಲ್ಲಿ ಕೂತಿದ್ದವಳು ಮುದ್ದಿಸುವ ನೆಪದಲ್ಲಿ ಕೆನ್ನೆ ಹಿಡಿದು ಬಾಯಿ ಮೂಸುತ್ತಿದ್ದಳು. ಮೊದಮೊದಲು ಕೊಸರಿಕೊಂಡು ರೇಗಿದೆ. ಅವಳ ಕಣ್ಣು ಮಂಜಾದ ಮೇಲೆ ನಾನೇ ಹತ್ತಿರ ಕೂತು, ಬಾಯಿ ತೆರೆದು ಅವಳ ಮುಖದೆದುರು ಉಸಿರು ಬಿಡುತ್ತಿದ್ದೆ.

"ಒಳ್ಳೇದಾಯ್ತು ಕಣ್ಮಗ," ಎಂದು ತಲೆ ಸವರುತ್ತಿದ್ದಳು, "ಇವತ್ತೂ ಆಣೆ ಉಳಿಸ್ಕೊಂಡೆ."