ಶಿಷ್ಯರಿಗೆಲ್ಲಿಯ ಪಾದ?

ಕರೋನಾ ಮುಗಿದ ಮರುವರ್ಷ ನಾನು ಕೊಪ್ಪಳದ ಒಂದು ಸಣ್ಣ ಕಚೇರಿಯಲ್ಲಿ ಬೈಬಲ್ ಅನುವಾದಕನಾಗಿದ್ದೆ. ಅಚ್ಚಿನ ಕನ್ನಡದಲ್ಲಿ ಬೈಬಲ್ ಎಂದೋ ಬಂದಿದೆ. ನಮ್ಮ ಕೆಲಸ ಬೇರೆ. ಓದಲು ಬಾರದವರು ಕೇಳಿಸಿಕೊಳ್ಳಲೆಂದು ಅದರ ಕಥೆಗಳನ್ನು ಯಲಬುರ್ಗಾ ಕಡೆಯ ಆಡುಮಾತಿಗೆ ತಂದು ರೆಕಾರ್ಡಿಂಗ್ ಮಾಡಿಸಬೇಕಿತ್ತು.

ಕೊನೆಯ ಊಟದ ಸಂಜೆ ಯೇಸು ತನ್ನ ಶಿಷ್ಯರ ಕಾಲು ತೊಳೆಯುವ ಪ್ರಸಂಗವನ್ನು ನಾನೇ ಬರೆದಿದ್ದೆ. ಬರೆದದ್ದು ‘ಪಾದ’ ಎಂದು. ಆ ಪದದ ಮೇಲೆ ನನಗೆ ಭಾರೀ ಹೆಮ್ಮೆ. ಕರಡಿಗೆ ಒಪ್ಪಿಗೆಯ ಸಹಿ ಹಾಕಬೇಕಾದ ಚರ್ಚ್ ಸಭೆಯ ಹಿರಿಯರು ಸಮಾಧಾನಪ್ಪನವರು, ‘ದೇವರ ವಾಕ್ಯದಾಗ ಕಾಲುಗೀಲು ಅಂತ ಬರೀಬಾರದ್ರಿ’ ಎಂದು ಬೆನ್ನು ತಟ್ಟಿದ್ದರು. ಸೋಮವಾರ ಗಂಗಾವತಿಯಲ್ಲಿ ರೆಕಾರ್ಡಿಂಗ್. ಒಮ್ಮೆ ದನಿ ಮುದ್ರಣವಾದರೆ ಮುಗಿಯಿತು, ತಪ್ಪಿದ್ದರೆ ಊರೂರಿಗೂ ತಪ್ಪೇ ಹೋಗುತ್ತದೆ.

ಅದಕ್ಕೂ ಮೊದಲು ಒಂದು ಕಾಂಪ್ರಹೆನ್ಷನ್ ಚೆಕ್ ಇರುತ್ತದೆ. ಅಂದರೆ ಕಥೆಯನ್ನು ಎಂದೂ ಕೇಳದವರಿಗೆ ಓದಿ ಹೇಳುವುದು, ಅವರಿಂದ ಅದನ್ನೇ ತಿರುಗಿ ಹೇಳಿಸುವುದು. ಶುಕ್ರವಾರ ಬೆಳಿಗ್ಗೆ ನಾನು, ಸಮಾಧಾನಪ್ಪನವರು ಬೇವೂರಿಗೆ ಹೋದೆವು. ಈರವ್ವ ಎಂಬ ಅಜ್ಜಿ ಜಗಲಿಯ ಮೇಲೆ ಶೇಂಗಾ ಸುಲಿಯುತ್ತಿದ್ದರು. ಓದಿದೆ. ಅವರು ಸರಾಗವಾಗಿ ತಿರುಗಿ ಹೇಳಿದರು:

‘ಗುರುಗಳು ಊಟಕ್ಕ ಕುಂತಿದ್ರು. ಶಿಷ್ಯರು ಎದ್ದು ನೀರು ತಂದು ಗುರುಗಳ ಪಾದ ತೊಳದ್ರು. ಛಲೋ ಮಾಡಿದ್ರು ಬಿಡು.’

ಎಲಾ ಇವರ, ಕಥೆಯೇ ಉಲ್ಟಾ. ಅಜ್ಜಿಯ ಗಮನ ಶೇಂಗಾದ ಮೇಲಿದೆ ಎಂದುಕೊಂಡು ಮತ್ತೆ ಓದಿದೆ. ಮತ್ತೆ ಅದೇ ಉತ್ತರ. ಒಳಗಿನಿಂದ ಬಂದ ಸೊಸೆಗೂ ಓದಿದೆ, ಅವಳೂ ಅದನ್ನೇ ಹೇಳಿದಳು. ನನಗೆ ಸಿಟ್ಟು ಬಂತು.

‘ಶಿಷ್ಯರ ಪಾದ ಅಂತ ಓದೀನಲ್ಲವ್ವಾ?’

‘ನೀ ತಪ್ಪಿ ಓದಿದಿ ಅಂದ್ಕೊಂಡೆ ತಮ್ಮಾ. ಪಾದ ಅಂದ್ರ ಗುರುಗಳದ್ದು. ಸ್ವಾಮಿಗಳು ಮನಿಗಿ ಬಂದ್ರ ನಾವು ಪಾದ ತೊಳಿತೀವಿ. ಶಿಷ್ಯರಿಗೆ ಎಲ್ಲಿ ಪಾದ? ನಮ್ಮಂಥವರವು ಕಾಲು.’ ಅಜ್ಜಿ ಒಡೆದ ಹಿಮ್ಮಡಿಯ ಕಾಲನ್ನು ಮುಂದಕ್ಕೆ ಚಾಚಿ ತೋರಿಸಿದರು.

ನಾನು ತಪ್ಪಿ ಓದಿದೆನೆಂದು ಆಕೆ ಮರ್ಯಾದೆಯಿಂದ ತಿದ್ದಿ ಹೇಳಿದ್ದರು ಅಷ್ಟೆ. ಪೆನ್ನು ತೆಗೆದು ‘ಪಾದ’ ಹೊಡೆದುಹಾಕಿದೆ. ಸಮಾಧಾನಪ್ಪನವರು ಕೈ ಹಿಡಿದರು. ‘ಕಾಲು ಅಂತ ಬರದ್ರ ನಾ ಸಹಿ ಹಾಕಂಗಿಲ್ಲ ನೋಡ್ರಿ’ ಎಂದರು. ಸಹಿ ಇಲ್ಲದಿದ್ದರೆ ಸೋಮವಾರದ ರೆಕಾರ್ಡಿಂಗ್ ಇಲ್ಲ.

‘ಒಂದು ಸಲ ಕೇಳ್ರಿ, ಆಮೇಲೆ ಬೈರಿ’ ಎಂದು ಅವರೆದುರೇ ‘ಕಾಲು’ ಹಾಕಿ ಓದತೊಡಗಿದೆ. ಗುರು ಊಟ ಬಿಟ್ಟು ಎದ್ದ, ನಡುವಿಗೆ ಟವೆಲ್ ಸುತ್ತಿಕೊಂಡ, ಬೋಗಾಣಿಗೆ ನೀರು ಹಾಕಿಕೊಂಡ, ಕುಕ್ಕರಗಾಲಲ್ಲಿ ಕೂತು ಶಿಷ್ಯರ ಕಾಲು ತೊಳೆಯತೊಡಗಿದ.

ಈರವ್ವನ ಕೈ ನಿಂತಿತು.

‘ಕಾಲು? ಗುರು ಆಗಿ ಶಿಷ್ಯನ ಕಾಲು ಹಿಡ್ಯಾನ?’

‘ಹೌದವ್ವಾ.’

ಅಜ್ಜಿ ಚಾಚಿದ್ದ ಕಾಲನ್ನು ಗಬಕ್ಕನೆ ಸೀರೆಯೊಳಗೆ ಎಳೆದುಕೊಂಡರು. ‘ಬ್ಯಾಡೋ ಯಪ್ಪಾ, ನನ್ನ ಕಾಲು ಮುಟ್ಟಬ್ಯಾಡ’ ಎಂದರು. ಹೇಳಿದ್ದು ನನಗಲ್ಲ.

ನಾನು ಹಾಳೆ ನೋಡಿದೆ. ಮುಂದಿನ ಸಾಲು ಒಬ್ಬ ಶಿಷ್ಯನದು. ಅವನೂ ಹೀಗೆಯೇ ಹೌಹಾರಿ ಬೇಡ ಎನ್ನುತ್ತಾನೆ. ಆ ಒಂದು ಮಾತಿಗೆ ನಾನು ವಾರವಿಡೀ ತಿಣುಕಿ ಗ್ರಾಂಥಿಕವಾದೊಂದು ವಾಕ್ಯ ಹೊಸೆದಿದ್ದೆ. ಕಥೆ ಗೊತ್ತಿಲ್ಲದ ಅಜ್ಜಿ, ಓದುವ ಮೊದಲೇ ಅದನ್ನು ಆಡಿಬಿಟ್ಟಿದ್ದರು. ಖುಷಿಗೆ ನನಗೆ ಜಗಲಿಯಲ್ಲಿ ಕೂರಲಾಗಲಿಲ್ಲ, ಎದ್ದು ನಿಂತುಬಿಟ್ಟೆ.

ಸಮಾಧಾನಪ್ಪನವರು ಪೆನ್ನಿಗೆ ಕೈ ಚಾಚಿದರು. ಸಹಿ ಹಾಕುತ್ತಾರೆಂದುಕೊಂಡೆ. ಹಾಕಲಿಲ್ಲ. ಮೊದಲು ಶಿಷ್ಯನ ಸಾಲನ್ನು ಉದ್ದಕ್ಕೂ ಹೊಡೆದುಹಾಕಿದರು.

‘ಮುದುಕಿ ಏನಂದಳೋ ಅದನ್ನ ಹಂಗ ಬರೀರಿ’ ಎಂದರು.

ಈಗಲೂ ಕೇಳುಗರು ಕಥೆಯನ್ನು ತಪ್ಪಾಗಿ ತಿರುಗಿ ಹೇಳಿದರೆ, ನಾನು ಮೊದಲು ಅನುಮಾನಿಸುವುದು ನನ್ನ ಕೈಯಲ್ಲಿರುವ ಹಾಳೆಯನ್ನು.