ಕೆಮುಂಗ್ ಮಾಡಿದ ನ್ಯಾಯಾಂಗ ನಿಂದನೆ

ಬುಸಾಲು ಹಳ್ಳಿಯ ಕೋರ್ಟಿಗೆ ಹೊಸದಾಗಿ ಬಂದವರು ಕೆಮುಂಗನನ್ನೇ ನ್ಯಾಯಾಧೀಶನೆಂದು ತಿಳಿಯುತ್ತಾರೆ. ಇದನ್ನು ಬರೆಯುತ್ತಿರುವವನೂ ಹಾಗೆ ತಿಳಿದು ತಲೆಬಾಗಿ ನಮಸ್ಕಾರ ಹೊಡೆದದ್ದುಂಟು. ಕೆಮುಂಗ್ ಆ ನಮಸ್ಕಾರವನ್ನು ಸ್ವೀಕರಿಸಿದನೇ ಹೊರತು ತಪ್ಪನ್ನು ತಿದ್ದಲಿಲ್ಲ. ಇಸ್ತ್ರಿ ಮಾಡಿದ ಅಂಗಿ, ಎದೆಯ ಮೇಲೆ ಹಿತ್ತಾಳೆಯ ಬಿಲ್ಲೆ, ಕೈಯಲ್ಲೊಂದು ಬೆತ್ತ. ನಿಜವಾದ ನ್ಯಾಯಾಧೀಶರು ಮೂವರು ಹಿಂದಿನ ಬೆಂಚಿನಲ್ಲಿ ಬರಿಗಾಲಲ್ಲಿ ಕುಳಿತು ಆಕಳಿಸುತ್ತಿದ್ದರು.

ಅವನು ಕೋರ್ಟಿನ ಶಾಂತಿ ಅಧಿಕಾರಿ. ಜನರನ್ನು ಕರೆಯುವುದು, ನಾಯಿಗಳನ್ನು ಓಡಿಸುವುದು, ಕೊಟ್ಟ ಶಿಕ್ಷೆ ಜಾರಿಯಾಗುವಂತೆ ನೋಡಿಕೊಳ್ಳುವುದು ಅವನ ಕೆಲಸ. ಎಲ್ಲ ಅಪರಾಧಗಳಿಗಿಂತ ಅವನಿಗೆ ಅಚ್ಚುಮೆಚ್ಚಿನದು ನ್ಯಾಯಾಂಗ ನಿಂದನೆ. ಬಾಯಲ್ಲಿ ಅಡಿಕೆ ಇಟ್ಟುಕೊಂಡು ಬಂದರೆ ನಿಂದನೆ, ಅಂಗಿಯಿಲ್ಲದೆ ಬಂದರೆ ನಿಂದನೆ, ತೀರ್ಪು ಕೇಳಿ ನಕ್ಕರಂತೂ ಕೇಳುವುದೇ ಬೇಡ. ಶಿಕ್ಷೆ ಯಾವಾಗಲೂ ಒಂದೇ: ಕೋರ್ಟಿನ ಅಂಗಳದ ಹುಲ್ಲು ಕತ್ತರಿಸುವುದು. ಆ ಕರಾವಳಿಯಲ್ಲಿ ಹುಲ್ಲು ಬೆಳೆಯುವ ವೇಗಕ್ಕೂ ಜನ ನಿಂದನೆ ಮಾಡುವ ವೇಗಕ್ಕೂ ಹೇಗೋ ಹೊಂದಾಣಿಕೆಯಾಗಿತ್ತು. ಕೆಮುಂಗ್ ಬೆತ್ತ ಚಾಚಿ ತೋರಿಸುತ್ತ ನಿಲ್ಲುತ್ತಿದ್ದ. "ಅಲ್ಲಿ ಬಿಟ್ಟಿದ್ದೀಯ ನೋಡು. ಆ ಮೂಲೆ ಕೋರ್ಟಿಗೆ ಸೇರಿದ್ದಲ್ವೇನಪ್ಪಾ?"

ಆ ಬುಧವಾರ ಮಾತ್ರ ಅವನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಬಾಗಿಲಿಗೆ ಹೋದ, ಬೆಂಚಿನ ಬಳಿ ಬಂದ, ಇಲ್ಲದ ನಾಯಿಯೊಂದನ್ನು ಗದರಿಸಿದ. ಗೆಡಿಸಾ ಎಂಬವನ ತೋಟಕ್ಕೆ ಹಂದಿ ನುಗ್ಗಿ ಕೆಸುವಿನ ಗೆಡ್ಡೆಯನ್ನೆಲ್ಲ ಅಗೆದು ತಿಂದಿತ್ತು. ಹಂದಿಯನ್ನು ಕಣ್ಣಾರೆ ಕಂಡು ಅಟ್ಟಿದವನು ಕೆಮುಂಗ್ ಒಬ್ಬನೇ; ಸಾಕ್ಷಿ ಹೇಳಬೇಕಾದವನೂ ಅವನೇ. ಅದು ಅವನ ಹೆಂಡತಿಯ ತಾಯಿಯ ಹಂದಿ.

ಅತ್ತೆಯ ಹೆಸರನ್ನು ಅಳಿಯ ಬಾಯಲ್ಲಿ ತರುವಂತಿಲ್ಲ. ಅವಳು ಅವನ ತಂಬು. ಗಂಡ ಹೆಂಡಿರ ಕಡೆಯ ನೆಂಟರೆಲ್ಲ ಹಾಗೆಯೇ ಒಬ್ಬರಿಗೊಬ್ಬರು ತಂಬು; ಎದುರಾದರೆ ಪಕ್ಕಕ್ಕೆ ಸರಿಯಬೇಕು, ಹೆಸರನ್ನು ನುಂಗಿಕೊಳ್ಳಬೇಕು. ಬೆಳಿಗ್ಗೆ ಹೆಂಡತಿ ನಾಮೋಸಿ ಗೆಣಸು ಸುಲಿಯುತ್ತಲೇ ಹೇಳಿದ್ದಳು: "ನಮ್ಮವ್ವನ ಹೆಸರು ನಿನ್ನ ಬಾಯಿಂದ ಬಿತ್ತೋ, ಸಂಜೆಗೆ ನಾನು ಈ ಮನೇಲಿರಲ್ಲ. ಆ ಬಿಲ್ಲೆಗೇ ಹೇಳು, ಗೆಣಸು ಬೇಯಿಸಿ ಹಾಕುತ್ತೆ."

ಹೇಳಿದರೆ ಹೆಂಡತಿ ಹೋಗುತ್ತಾಳೆ. ಹೇಳದಿದ್ದರೆ ಬಿಲ್ಲೆ ಹೋಗುತ್ತದೆ. ಎರಡರಲ್ಲಿ ಯಾವುದು ಹೆಚ್ಚು ಎಂದು ಅವನು ದಾರಿಯುದ್ದಕ್ಕೂ ಯೋಚಿಸಿದ್ದ. ಯೋಚಿಸಬೇಕಾಗಿ ಬಂತಲ್ಲ ಎಂದು ನಾಚಿಕೆಯೂ ಆಗಿತ್ತು.

ಹಿಂದೆಲ್ಲ ಇಂಥ ಪೇಚು ಬಂದರೆ ಸಾಕ್ಷಿ ಪಕ್ಕದವನ ಕಿವಿಯಲ್ಲಿ ಉಸುರುತ್ತಿದ್ದ, ಪಕ್ಕದವನು ಕೂಗಿ ಹೇಳುತ್ತಿದ್ದ. ಆದರೆ ನ್ಯಾಯಾಧೀಶರ ಹೊಸ ಚೇರ್ಮನ್ ಯಾಲಿಂಗ್, ಲೇ ಎಂಬ ಪಟ್ಟಣದಲ್ಲಿ ತರಬೇತಿ ಮುಗಿಸಿ ಆಗಷ್ಟೇ ಬಂದಿದ್ದ. ಕೆಮ್ಮುವಾಗಲೂ ಕಾನೂನಿನ ಪ್ರಕಾರವೇ ಕೆಮ್ಮುತ್ತಿದ್ದ.

"ಸಾಕ್ಷಿ ತನ್ನ ಬಾಯಿಂದಲೇ ಹೇಳಬೇಕು," ಎಂದ ಯಾಲಿಂಗ್. "ಹಂದಿ ಯಾರದು?"

"ಹೇಳೋಕಾಗದವರದು, ಚೇರ್ಮನ್ನರೇ."

"ಅದೊಂದು ಹೆಸರಾ?"

"ನನ್ನ ತಂಬು."

"ನಿನಗೆ ಊರು ತುಂಬ ತಂಬುಗಳಿದ್ದಾರೆ ಮಾರಾಯ. ಯಾವ ತಂಬು?"

ಕೆಮುಂಗ್ ಕತ್ತನ್ನು ಬಾಗಿಲ ಕಡೆ ತಿರುಗಿಸಿಕೊಂಡ. ಹೆಂಗಸರ ಕಡೆ ಅವನ ಅತ್ತೆ ಅಳಿಯನಿಗೆ ಬೆನ್ನು ಮಾಡಿ ಕುಳಿತಿದ್ದಳು. ಆ ಬೆನ್ನು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿತ್ತು.

"ಇನ್ನೊಂದು ಸಲ ಕೇಳ್ತೀನಿ. ಉತ್ತರ ಕೊಡದಿದ್ರೆ ನ್ಯಾಯಾಂಗ ನಿಂದನೆ. ಅದೇನು ಅಂತ ನಿನಗೆ ನಾನು ಹೇಳಿಕೊಡಬೇಕಾ?"

ಹಿಂದೆ ಹುಲ್ಲು ಕತ್ತರಿಸಿದ್ದವರೆಲ್ಲ ಇದನ್ನು ಕೇಳಲು ಮುಂದಕ್ಕೆ ಜರುಗಿದರು. ಕೆಮುಂಗನ ಕೈ ತಾನಾಗಿ ಬಿಲ್ಲೆಯ ಮೇಲೆ ಹೋಯಿತು. ಒಮ್ಮೆ ಅದನ್ನು ಒರೆಸಿ ಬಿಚ್ಚಿದ, ಮೇಜಿನ ಮೇಲಿಟ್ಟ.

"ನಾನು ಹೇಳಲ್ಲ," ಎಂದ.

ಎದುರಿಗಿದ್ದ ಬೆನ್ನು ಸ್ವಲ್ಪ ನೆಟ್ಟಗಾಯಿತು.

"ನಿಂದನೆ ರುಜುವಾತಾಗಿದೆ," ಎಂದ ಯಾಲಿಂಗ್. "ಜೈಲೇ ಸರಿ."

ಪಕ್ಕದಲ್ಲಿ ಕುಳಿತಿದ್ದ ಇನ್ನೊಬ್ಬ ನ್ಯಾಯಾಧೀಶ ಅವಾಗು ಎಂಬ ಮುದುಕ. ಅವನು ಕಣ್ಣು ತೆರೆಯದೆಯೇ ಹೇಳಿದ: "ಜೈಲಿಗೆ ಜಿಲ್ಲಾ ಮ್ಯಾಜಿಸ್ಟ್ರೇಟರ ಸಹಿ ಬೇಕು. ಸಹಿಗೆ ದೋಣಿ ಬೇಕು. ದೋಣಿಯ ಎಂಜಿನ್ ನಿಮ್ಮಣ್ಣನ ಹತ್ರ ರಿಪೇರಿಗಿದೆ. ಅದಿರಲಿ, ಹಂದಿ ಇಂಥವರದಾ ಅಂತ ನೀನೇ ಹೆಸರು ಹಿಡಿದು ಕೇಳಪ್ಪ. ಅವನು ತಲೆ ಆಡಿಸಿದರೆ ಮುಗೀತು. ಇವನು ಅತ್ತ ನೋಡೋಕೆ ಹೆದರೋ ಹೆಂಗಸು ಇಲ್ಲಿ ಒಬ್ಬಳೇ."

ಯಾಲಿಂಗ್ ಆ ಬೆನ್ನನ್ನು ಗುರುತಿಸಿದ. ಬಾಯಿ ತೆರೆದ. ಹಾಗೇ ಮುಚ್ಚಿದ. ಆ ಹೆಂಗಸಿನ ಕಿರಿಮಗಳನ್ನೇ ಅವನ ಅಣ್ಣ ಮದುವೆಯಾಗಿದ್ದ. ಅವಳು ಚೇರ್ಮನ್ನನಿಗೂ ತಂಬು.

"ನೀವೇ ಕೇಳಿ, ದೊಡ್ಡಪ್ಪ," ಎಂದ ಮೆಲ್ಲಗೆ.

"ಅವಳ ಅಣ್ಣನ ಮಗಳು ನನ್ನ ಸೊಸೆ. ನನ್ನ ತಂಟೆಗೆ ಬರಬೇಡ."

ಮೂರನೆಯ ನ್ಯಾಯಾಧೀಶನನ್ನು ಯಾರೂ ಕೇಳಲೇ ಇಲ್ಲ. ಅವನಿಗೆ ಆಗಲೇ ಕಾಲಿನ ಮುಳ್ಳು ತೆಗೆಯುವ ತುರ್ತು ಬಂದಿತ್ತು. ಯಾಲಿಂಗ್ ಮತ್ತೊಮ್ಮೆ ಕಾನೂನಿನ ಪ್ರಕಾರ ಕೆಮ್ಮಿದ. ಹಂದಿ ಯಾರದೆಂಬ ಪ್ರಶ್ನೆ ಮಾತ್ರ ಅಲ್ಲೇ ನಿಂತಿತ್ತು.

"ಚೇರ್ಮನ್ನರೂ ಹುಲ್ಲು ಕುಯ್ತಾರಾ?" ಎಂದು ಹಿಂದಿನಿಂದ ಯಾರೋ ಕೇಳಿದರು. ಗದರಿಸಬೇಕಾದವನ ಬಿಲ್ಲೆ ಮೇಜಿನ ಮೇಲಿತ್ತು.

ಕೊನೆಗೆ ಆ ಬೆನ್ನೇ ಎದ್ದು ನಿಂತಿತು. "ಹಂದಿ ನಂದು," ಎಂದಳು ಅತ್ತೆ, ಹೊರಳಿ ನೋಡದೆ. "ಗೆಡಿಸಾಗೆ ಕೆಸುವಿನ ಗೆಡ್ಡೆ ನಾನು ಕೊಡ್ತೀನಿ. ನನ್ನನ್ನ ಯಾರೂ ಕೇಳಲೇ ಇಲ್ವಲ್ಲ. ಬುಟ್ಟೀಲಿ ಮೀನು ಕೆಡ್ತಾ ಇದೆ, ಹೋಗಲಾ?"

ಗೆಡಿಸಾ ಒಪ್ಪಿದ, ಹಂದಿಯ ವ್ಯಾಜ್ಯ ಮುಗಿಯಿತು. ಆದರೆ ರುಜುವಾತಾದ ನಿಂದನೆಯನ್ನು ಬಿಟ್ಟುಬಿಟ್ಟರೆ ಲೇ ಪಟ್ಟಣದ ತರಬೇತಿಗೆ ಏನು ಬೆಲೆ ಬಂತು? ಯಾಲಿಂಗ್ ಗಂಟಲು ಸರಿಮಾಡಿಕೊಂಡು ಹುಲ್ಲಿನ ಶಿಕ್ಷೆ ವಿಧಿಸಿದ.

"ಆಗಲಿ," ಎಂದ ಕೆಮುಂಗ್. "ಕಾವಲಿಗೆ ಯಾರು?"

ಶಿಕ್ಷೆ ಶಾಂತಿ ಅಧಿಕಾರಿಯ ಕಾವಲಿನಲ್ಲೇ ನಡೆಯಬೇಕೆಂದು ಪಟ್ಟು ಹಿಡಿದು ನಿಯಮ ಮಾಡಿಸಿದವನು ಅವನೇ. ಊರಿಗೆಲ್ಲ ಶಾಂತಿ ಅಧಿಕಾರಿಯೂ ಅವನೊಬ್ಬನೇ. ಅವಾಗು ಬಿಲ್ಲೆಯನ್ನು ಬೆರಳ ತುದಿಯಿಂದ ಅವನತ್ತ ತಳ್ಳಿದ.

ಮಧ್ಯಾಹ್ನದ ಬಿಸಿಲಿನಲ್ಲಿ ಕೆಮುಂಗ್ ಬಿಲ್ಲೆ ಸಿಕ್ಕಿಸಿಕೊಂಡು ಹುಲ್ಲು ಸವರುತ್ತಿದ್ದ. ನಡುನಡುವೆ ಸೊಂಟ ನೆಟ್ಟಗೆ ಮಾಡಿ, ಬೆತ್ತ ಎತ್ತಿಕೊಂಡು, ತಾನು ಬಿಟ್ಟ ಮೂಲೆಗಳನ್ನು ತಾನೇ ತೋರಿಸಿ ಮತ್ತೆ ಬಾಗುತ್ತಿದ್ದ. ನಾಮೋಸಿ ಬಂದು ಬೆಂದ ಗೆಣಸು, ಒಂದು ಸುಟ್ಟ ಮೀನು ಇಟ್ಟು ಹೋದಳು. ಮೀನು ಯಾರು ಕಳಿಸಿದ್ದೆಂದು ಅವಳೂ ಹೇಳಲಿಲ್ಲ, ಅವನೂ ಕೇಳಲಿಲ್ಲ.

ಗುಡ್ಡನಾಡಿನಿಂದ ಹೊಸದಾಗಿ ವರ್ಗವಾಗಿ ಬಂದಿದ್ದ ಶಾಲೆಯ ಮೇಷ್ಟ್ರು ಒಪಾ ಬೇಲಿಯಾಚೆ ಬಂದು ನಿಂತ. ಮಕ್ಕಳಿಂದ ಕಥೆಯನ್ನೆಲ್ಲ ಕೇಳಿಕೊಂಡು ಬಂದಿದ್ದ. ಸ್ವಲ್ಪ ಹೊತ್ತು ನೋಡಿದ, ತಲೆದೂಗಿದ, ಆಮೇಲೆ ತಡೆಯಲಾರದೆ ಕೇಳಿದ:

"ಅಲ್ಲ ಅಣ್ಣ, ಇಷ್ಟೆಲ್ಲ ಆಯ್ತಲ್ಲ, ಅಷ್ಟಕ್ಕೂ ನಿಮ್ಮತ್ತೆ ಹೆಸರೇನು?"

ಕೆಮುಂಗ್ ಬೆವರು ಒರೆಸಿಕೊಂಡು ಕತ್ತಿಯ ಹಿಡಿಯನ್ನು ಬೇಲಿಯ ಮೇಲಿಂದ ಅವನತ್ತ ಚಾಚಿದ.

"ಒಳಗೆ ಬಾ ಮೇಷ್ಟ್ರೇ. ಅರ್ಧ ಅಂಗಳ ಇನ್ನೂ ಉಳಿದಿದೆ."