ಉಡಿಯ ರೊಕ್ಕಕ್ಕೆ ಬಾಯಿ ಬಂದದ್ದು

ಬಮ್ಮಿಗಟ್ಟಿಯಲ್ಲಿ ನನ್ನ ಅಕ್ಕನ ಗಂಡನದೊಂದು ಹಿಟ್ಟಿನ ಗಿರಣಿ ಇದೆ. ಅದರ ಬಾಗಿಲ ಪಕ್ಕದ ಗೋಡೆಗೆ, ಫೋನಿನಿಂದ ರೊಕ್ಕ ಹಾಕುವ ಆ ಚೌಕದ ಚೀಟಿಯನ್ನು ಅಂಟಿಸಿದವನು ನಾನೇ. ಗೋಡೆಗೆ ಹಿಟ್ಟಿನ ಧೂಳು ಮೆತ್ತಿಕೊಂಡಿತ್ತು, ಚೀಟಿ ಏನು ಮಾಡಿದರೂ ನಿಲ್ಲಲೊಲ್ಲದು. ಒದ್ದೆ ಬಟ್ಟೆಯಿಂದ ಒರೆಸಿ, ಅಂಗೈಯಿಂದ ಒತ್ತಿ ಒತ್ತಿ ಅಂಟಿಸಿದೆ. ಈಗ ಯಾರನ್ನಾದರೂ ಬೈಯೋಣವೆಂದರೆ ನನ್ನನ್ನು ಬಿಟ್ಟು ಬೇರೆ ಯಾರೂ ಸಿಗುವುದಿಲ್ಲ.

ನಾನು ಅಣ್ಣಿಗೇರಿಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರ. ಬಳಗದಲ್ಲಿ ಒಬ್ಬ ಮಾಸ್ತರ ಇದ್ದಾನೆಂದರೆ ಮುಗಿಯಿತು, ಆಧಾರ್ ತಿದ್ದುಪಡಿಯಿಂದ ಹಿಡಿದು ಟಿವಿ ರಿಮೋಟಿನವರೆಗೆ ಎಲ್ಲವೂ ಅವನಿಗೇ ಗೊತ್ತಿರಬೇಕು. ನನಗೂ ಅದರ ಹಮ್ಮು ಇತ್ತು, ಸುಳ್ಳು ಯಾಕೆ ಹೇಳಲಿ. ಒಮ್ಮೆ ಅಕ್ಕನ ಊರಿಗೆ ಹೋದಾಗ ಮಾಮಾ, ಅಂದರೆ ಅಕ್ಕನ ಗಂಡ, ಮೈಯೆಲ್ಲ ಹಿಟ್ಟು ಮಾಡಿಕೊಂಡು ಗೋಳಾಡಿದರು.

"ಏನ್ ಜನಾನೋ ಮಾಸ್ತರ! ಹತ್ತು ರೂಪಾಯಿ ಬೀಸೂ ಕೂಲಿಗೆ ಐನೂರರ ನೋಟು ಹಿಡೀತಾರ. ಚಿಲ್ಲರಿ ಇಲ್ಲಂದ್ರ ಫೋನಿಗೆ ಹಾಕ್ತೀನಿ ಅಂತಾರ. ನನ್ನ ಫೋನಿಗೆ ಎಲ್ಲೈತಿ ತೂತು, ರೊಕ್ಕ ಹಾಕಾಕ?"

ಮಾಮಾನ ಖಾತೆ ಇದ್ದದ್ದು ಊರ ಸೊಸೈಟಿಯಲ್ಲಿ, ಅದು ಫೋನಿಗೆ ಕೂಡುತ್ತಿರಲಿಲ್ಲ. ಅಕ್ಕನ ಹೆಸರಿನಲ್ಲಿ ಬ್ಯಾಂಕ್ ಖಾತೆ ಇತ್ತು. ಆದರೆ ಅದಕ್ಕೆ ಮೊದಲಿನಿಂದಲೂ ಕೊಟ್ಟಿದ್ದ ನಂಬರು ಮಾಮಾನದು, ಅಕ್ಕನಿಗೆ ಫೋನೇ ಇಲ್ಲ. ಅದೇ ಖಾತೆಗೆ ಎಲ್ಲ ಜೋಡಿಸಿಕೊಟ್ಟೆ. ಚೀಟಿಯ ಜೊತೆಗೆ ರೊಕ್ಕ ಬಂದ ಕೂಡಲೇ ಕೂಗಿ ಹೇಳುವ ಡಬ್ಬಿಯೂ ಬಂತು. ಗಿರಣಿಯ ಗದ್ದಲದಲ್ಲಿ ಕೇಳಬೇಕಲ್ಲ, ಅದಕ್ಕೆ ಅದರ ದನಿಯನ್ನು ಇದ್ದಷ್ಟೂ ಏರಿಸಿ ಕಿಟಕಿಯಲ್ಲಿಟ್ಟೆ. "ಇನ್ನ ಮ್ಯಾಲೆ ಗಿರಣಿ ದುಡಿಮಿ ಎಲ್ಲಾ ಅಕ್ಕನ ಹೆಸರ್ಲೇ ಜಮಾ ಆಗ್ತೈತ್ರಿ ಮಾಮಾ" ಎಂದು ದೊಡ್ಡ ಭಾಷಣ ಬಿಗಿದೆ. ಮಾಮಾ ನಕ್ಕು, "ಆಗ್ಲಿ ಬಿಡೋ, ಎಲ್ಲಾ ಅಕೀದ ಅಲ್ಲೇನು?" ಎಂದರು. ಅಲ್ಲೇ ಜೋಳ ಹಸನು ಮಾಡುತ್ತಿದ್ದ ಅಕ್ಕ, "ಏನಂತೀರಿ?" ಎಂದು ನಮ್ಮಿಬ್ಬರ ಮುಖ ನೋಡಿದಳು. ಅವಳಿಗೆ ಕೇಳಿಸಿರಲಿಲ್ಲ.

ಅಕ್ಕನ ಕಿವಿ ಆ ಗಿರಣಿಯಲ್ಲೇ ಹೋದದ್ದು. ಮದುವೆಯಾಗಿ ಬಂದಂದಿನಿಂದ ಅದರ ಬಾಜುವಿಗೇ ಅವಳ ಸಂಸಾರ. ಮೊದಮೊದಲು ಎರಡು ಸಲ ಕರೆದರೆ ಓ ಅನ್ನುತ್ತಿದ್ದವಳು, ಆಮೇಲೆ ಹೆಗಲು ಮುಟ್ಟಿದರೆ ಮಾತ್ರ ತಿರುಗುವಷ್ಟಾದಳು. ಹಿಂದಿನಿಂದ ಬರುವ ಟ್ರ್ಯಾಕ್ಟರು ಕೇಳಿಸುವುದಿಲ್ಲವೆಂದು ರಸ್ತೆ ದಾಟಲು ಹೆದರಿದಳು. ತವರಿಗೆ ಬರುವುದನ್ನೂ ಬಿಟ್ಟಳು. ಹುಬ್ಬಳ್ಳಿಯ ವೈದ್ಯರು ನೋಡಿ, ಕಿವಿಗೆ ಮಿಷನ್ ಹಾಕಿದರೆ ಕೇಳಿಸುತ್ತದೆ, ತಡ ಮಾಡಿದಷ್ಟೂ ಕಷ್ಟ ಎಂದರು. ಬೆಲೆ ಕೇಳಿ ಮಾಮಾ, "ಜೋರ ಮಾತಾಡಿದ್ರ ಕೇಳಿಸ್ತೈತಲ್ಲ ಇಕೀಗೆ. ಕಿವ್ಯಾಗ ಅದನ್ನಿಟ್ಕೊಂಡು ಎಲ್ಲಿ ಭಾಷಣ ಕೇಳಾಕ ಹೊಂಟಾಳ?" ಎಂದು ನಗಾಡಿದರು. ಕೆಟ್ಟ ಮನುಷ್ಯನಲ್ಲ. ಗಿರಣಿಯ ಹೊರಗೆ ಲೋಕವೊಂದಿದೆ ಎಂಬುದೇ ಅವರಿಗೆ ಹೊಳೆಯುವುದಿಲ್ಲ.

ನಾನೇ ಕೊಡಿಸುತ್ತೇನೆ ಎಂದೆ. ಅಕ್ಕ ಬೈದಳು. "ತವರಮನ್ಯಾಗ ಕಿವಿ ಕೊಡಿಸಿದ್ರಂತ ಊರ್ ಮಂದಿ ಆಡ್ಕೋಳೂದ ಬ್ಯಾಡ. ಅವರ ಮಾನ ಹೋಗ್ತೈತಿ. ಇದು ನನ್ನ ಕಿವಿ, ನನ್ನ ಉಡಿ ರೊಕ್ಕದಾಗ ತಗೋತೀನಿ."

ನಮ್ಮ ಕಡೆಯವರಿಗೆ ಉಡಿ ರೊಕ್ಕವೆಂದರೆ ಬಿಡಿಸಿ ಹೇಳಬೇಕಿಲ್ಲ, ಬೇರೆಯವರಿಗೆ ಹೇಳುತ್ತೇನೆ. ತವರಿನವರು ಮಗಳ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಕುಬುಸದ ಖಣ ಹಾಕಿ ಉಡಿ ತುಂಬುತ್ತಾರೆ. ಅದರೊಳಗೆ ಮಡಚಿದ ನೋಟೂ ಹೋಗುತ್ತದೆ. ಎಷ್ಟು ಹಾಕಿದರು ಅಂತ ಹಾಕಿದವರು ಹೇಳುವುದಿಲ್ಲ. ಗಂಡನ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಕೇಳಬಾರದು, ಅಷ್ಟೇ. ಕುಡಿದು ಬಂದು ಹೆಂಡತಿಯ ಕೊರಳಿನ ಬಂಗಾರ ಕಿತ್ತುಕೊಂಡ ಗಂಡಸರು ನಮ್ಮ ಓಣಿಯಲ್ಲೇ ಇದ್ದರು, ಅಂಥವರೂ ಉಡಿ ರೊಕ್ಕದ ಸುದ್ದಿಗೆ ಹೋಗುತ್ತಿರಲಿಲ್ಲ. ನಮ್ಮ ಅವ್ವನ ಕೊನೆಗಾಲದ ಕಣ್ಣಿನ ಚಾಳೀಸು ಅಕ್ಕನ ಉಡಿ ರೊಕ್ಕದಿಂದಲೇ ಬಂದದ್ದು. ಮಾಮಾನಿಗೆ ಅದು ಗೊತ್ತಾಗಲೇ ಇಲ್ಲ, ಗೊತ್ತಾಗುವ ಅವಶ್ಯಕತೆಯೂ ಇರಲಿಲ್ಲ.

ಪ್ರತಿವರ್ಷ ಪಂಚಮಿಗೆ ನಾನೂ ನನ್ನ ಹೆಂಡತಿಯೂ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿಕೊಂಡು ಬಮ್ಮಿಗಟ್ಟಿಗೆ ಹೋಗುತ್ತಿದ್ದೆವು. ಹೆಂಡತಿ ಉಡಿ ತುಂಬುತ್ತಿದ್ದಳು, ನಾನು ನೋಟು ಇಡುತ್ತಿದ್ದೆ. ಅಕ್ಕ ಅದನ್ನು ಟ್ರಂಕಿನಲ್ಲಿ ಮದುವೆಯ ಸೀರೆಯ ಮಡಿಕೆಯೊಳಗೆ ಸೇರಿಸುತ್ತಿದ್ದಳು. ಒಂದು ವರ್ಷ ನಾವು ಹೊರಡುವ ಮೊದಲು ನನ್ನ ಕಿವಿಯ ಹತ್ತಿರ ಬಂದು, ಕೇಳಿಸದಿರುವುದು ತನಗೆ, ನನಗಲ್ಲ ಎಂಬುದನ್ನು ಮರೆತು ಗಟ್ಟಿಯಾಗಿಯೇ, "ಇನ್ನೊಂದ ಪಂಚಮಿ ಬಂದ್ರ ಆತೋ ತಮ್ಮಾ!" ಎಂದಿದ್ದಳು. ಅವಳ ಮುಖ ನೋಡಬೇಕಿತ್ತು ನೀವು. ಪುಣ್ಯಕ್ಕೆ ಆಗ ಗಿರಣಿ ನಡೆದಿತ್ತು.

ಮುಂದಿನ ಪಂಚಮಿಗೆ ನಾನು ಹೋಗಲಿಲ್ಲ. ಅಣ್ಣಿಗೇರಿಯಿಂದ ಹುಬ್ಬಳ್ಳಿ, ಅಲ್ಲಿಂದ ಕಲಘಟಗಿ, ಅಲ್ಲಿಂದ ಮತ್ತೊಂದು ಬಸ್ಸು. ಜಿಟಿಜಿಟಿ ಮಳೆ, ಹೆಂಡತಿಗೆ ಜ್ವರ, ಶಾಲೆಯಲ್ಲಿ ಯಾವುದೋ ತರಬೇತಿ. ಖರೆ ಹೇಳಬೇಕೆಂದರೆ ಸೋಮಾರಿತನ. ಫೋನು ಇದೆಯಲ್ಲ! ಗಿರಣಿಯ ಚೀಟಿಯ ಫೋಟೋ ನನ್ನ ಹತ್ತಿರವೇ ಇತ್ತು. ಖಾತೆ ಅಕ್ಕನ ಹೆಸರಿನದು, ಅಂದಮೇಲೆ ರೊಕ್ಕ ಅಕ್ಕನಿಗೇ ಹೋಗುತ್ತದೆ. ಇಷ್ಟೇ ನನ್ನ ಬುದ್ಧಿ ಓಡಿದ್ದು. ಮಿಷನ್ನಿಗೆ ಕಡಿಮೆ ಬೀಳಬಾರದೆಂದು ಒಂಬತ್ತು ಸಾವಿರ ಹಾಕಿದೆ. ಪರದೆಯ ಮೇಲೆ ಹಸಿರು ಗುರುತು ಬಂತು. ಕುಳಿತಲ್ಲಿಂದಲೇ ಉಡಿ ತುಂಬಿದೆ ಎಂದು ಹೆಂಡತಿಯ ಮುಂದೆ ಜಂಬ ಕೊಚ್ಚಿಕೊಂಡೆ. ಅವಳು ಹೊದಿಕೆಯೊಳಗಿಂದಲೇ, "ಉಡಿ ರೊಕ್ಕ ಹಂಗ ಹಾಕ್ತಾರೇನ್ರೀ ಯಾರರ?" ಎಂದಳು. ಜ್ವರ ಬಂದವರ ಮಾತು ಎಂದು ಬಿಟ್ಟೆ.

ಬಮ್ಮಿಗಟ್ಟಿಯಲ್ಲಿ ಏನಾಯಿತೆಂಬುದನ್ನು ಮಾಮಾನೇ ಫೋನು ಮಾಡಿ ಹೇಳಿದರು. ಹಬ್ಬದ ಹಿಟ್ಟಿಗೆ ಅರ್ಧ ಊರೇ ಡಬ್ಬಿ ಹಿಡಿದು ನಿಂತಿತ್ತಂತೆ. ಕಿಟಕಿಯ ಆ ಡಬ್ಬಿ ಒಮ್ಮೆಲೇ, "ಒಂಬತ್ತು ಸಾವಿರ ರೂಪಾಯಿ ಸ್ವೀಕರಿಸಲಾಗಿದೆ" ಎಂದು ಒದರಿತಂತೆ. ಹತ್ತು ಇಪ್ಪತ್ತು ಅನ್ನುತ್ತಿದ್ದ ಡಬ್ಬಿ! ನಿಂತ ಹೆಂಗಸರೆಲ್ಲ ಬಾಯಿ ತೆರೆದರಂತೆ. "ಯಾರೋ ಹುಚ್ಚ ತಪ್ಪಿ ಹಾಕ್ಯಾನಂತ ತಿಳದ್ನೆಪಾ. ನೋಡ್ತೀನಿ, ನಿನ್ನ ಹೆಸರು! ಅಗದಿ ಟೈಮಿಗೆ ಬಂತು ನೋಡು, ಮೋಟರ್ ಸುಟ್ಟು ಎರಡ ದಿನ ಆಗಿತ್ತು, ಬಾಡಿಗಿ ಮೋಟರ್ ಮ್ಯಾಲೆ ನಡಿಸಿದ್ದೆ. ಆಗಿಂದಾಗ ರಿಪೇರಿಯವಗ ಹಾಕಿಬಿಟ್ಟೆ" ಎಂದರು. ಸಂತೋಷ ಅವರ ದನಿಯಲ್ಲಿ ಉಕ್ಕುತ್ತಿತ್ತು.

"ಮಾಮಾ, ಅದು ಅಕ್ಕನ ಉಡಿ ರೊಕ್ಕ ರೀ" ಎಂದೆ.

"ಹೌದಾ? ಡಬ್ಬಿ ಹಂಗ ಹೇಳ್ಲಿಲ್ಲಲ್ಲೋ" ಎಂದರು. ಚೇಷ್ಟೆಗೆ ಹೇಳಿದ್ದಲ್ಲ. ನಿಜವಾಗಿಯೂ ಅವರಿಗೆ ಗೊತ್ತಾಗಿರಲಿಲ್ಲ. ಅಕ್ಕಿ ಖಣದ ನಡುವೆ ಇದ್ದಿದ್ದರೆ ಅವರ ಕೈ ಅದರ ಹತ್ತಿರವೂ ಹೋಗುತ್ತಿರಲಿಲ್ಲ, ಇದನ್ನು ನಾನು ಪ್ರಮಾಣ ಮಾಡಿ ಹೇಳುತ್ತೇನೆ.

ಅಷ್ಟಕ್ಕೇ ನಿಂತಿದ್ದರೆ ಮತ್ತೊಮ್ಮೆ ಕೊಟ್ಟರಾಯಿತು ಎಂದುಕೊಳ್ಳಬಹುದಿತ್ತು. ಆದರೆ ಮಾಮಾನ ತಲೆಯಲ್ಲಿ ಹುಳ ಹೊಕ್ಕಿತ್ತು. ಅಂದು ಊಟಕ್ಕೆ ಕೂತಾಗ ಅಕ್ಕನನ್ನು ಕೇಳಿದರಂತೆ, "ನಿನ್ನ ತಮ್ಮ ವರ್ಷಾ ಇಷ್ಟ ಕೊಡ್ತಾನೇನು?" ಮದುವೆಯಾದ ಇಷ್ಟು ವರ್ಷಗಳಲ್ಲಿ ಮೊದಲ ಸಲ ಕೇಳಿದ್ದು. ನಮ್ಮ ಅಕ್ಕನಿಗೆ ಸುಳ್ಳು ಹೇಳಲು ಬರುವುದಿಲ್ಲ. ಯಾರೂ ಕೇಳದ್ದರಿಂದ ಕಲಿಯುವ ಪ್ರಸಂಗವೇ ಬಂದಿರಲಿಲ್ಲ. ಎದ್ದು ಹೋಗಿ ಟ್ರಂಕು ತೆಗೆದು, ಮದುವೆಯ ಸೀರೆಯನ್ನೇ ತಂದು ಗಂಡನ ಮುಂದಿಟ್ಟಳಂತೆ. ಅದರ ಮಡಿಕೆಯ ರೊಕ್ಕವೂ ಮೋಟರಿಗೇ ಹೋಯಿತು. "ಮಿಷನ್ ಮುಂದಿನ ವರ್ಷ ತಗೋಳೂಣು, ಎಲ್ಲಿ ಓಡಿ ಹೋಗ್ತೈತಿ" ಎಂದು ಮಾಮಾ ಕೂಗಿ ಹೇಳಿದರಂತೆ, ಅವಳಿಗೆ ಕೇಳಿಸುವಷ್ಟು ಜೋರಾಗಿ.

ನನಗೆ ತಲೆ ಕೆಟ್ಟುಹೋಯಿತು. ಮುಂದಿನ ರವಿವಾರವೇ ಜಗಳಕ್ಕೆಂದು ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಗಿರಣಿಯ ಬಾಗಿಲಲ್ಲಿ ನಿಂತು, "ಹೆಣ್ಮಕ್ಕಳ ಉಡಿ ರೊಕ್ಕಕ್ಕ ಕೈ ಹಾಕಿದ್ರಲ್ರಿ ಮಾಮಾ, ಇದು ಚಲೋನ?" ಎಂದೆ. ಮಾಮಾ ಸಿಟ್ಟಾಗಲಿಲ್ಲ. ಹಿಟ್ಟಿನ ಕೈಯಲ್ಲಿ ಗೋಡೆಯ ಚೀಟಿ ತೋರಿಸಿದರು.

"ನೀನ ಹೇಳಿದ್ಯೆಲ್ಲೋ ಮಾಸ್ತರ, ಎಲ್ಲಾ ಅಕ್ಕನ ಹೆಸರ್ಲೇ ಜಮಾ ಆಗ್ತೈತಿ ಅಂತ? ಗಿರಣಿ ರೊಕ್ಕಾನೂ ಅದರಾಗ ಬರ್ತೈತಿ, ನಿನ್ನ ರೊಕ್ಕಾನೂ ಅದರಾಗ ಬಂತು. ಯಾವುದು ಯಾವುದಂತ ನಾ ಹೆಂಗ ಗುರ್ತ ಹಿಡೀಲಿ? ಅದಕ್ಕೇನು ಕುಂಕುಮ ಹಚ್ಚಿರ್ತಾರ?"

ಮಾಮಾನ ಮಾತಿನಲ್ಲಿ ತಪ್ಪು ಹುಡುಕಿ ಹುಡುಕಿ ಸೋತೆ. ಹೆಂಡತಿಯ ಮಾತು ಕೇಳದ ನನ್ನ ಮೇಲೆಯೇ ಸಿಟ್ಟು ಬಂತು. ಅಕ್ಕ ನನಗೆ ಚಹಾ ತಂದಿಟ್ಟು, ನಮ್ಮ ತುಟಿಗಳನ್ನೇ ನೋಡುತ್ತ ನಿಂತಳು. ಏನು ಜಗಳವೆಂದು ಅವಳಿಗೆ ಗೊತ್ತಿತ್ತು. ಕಣ್ಣಲ್ಲೇ ಬೇಡವೆಂದಳು. ಚಹಾ ಕುಡಿದು ಎದ್ದು ಬಂದೆ.

ಅದೇ ಚಳಿಗಾಲದಲ್ಲಿ ನಮ್ಮ ಶಾಲೆಯಲ್ಲಿ ಮಕ್ಕಳ ಚರ್ಚಾಸ್ಪರ್ಧೆ ಇತ್ತು. ನಗದು ಹಣ ಮಾಯವಾಗುತ್ತದೆಯೇ ಎಂಬುದು ವಿಷಯ, ನಿರ್ಣಾಯಕನಾಗಿ ಕೂತವನು ನಾನು. ಏಳನೆಯ ತರಗತಿಯ ಹುಡುಗಿಯೊಬ್ಬಳು, "ನೋಟು ಹರಿಯುತ್ತದೆ, ಒದ್ದೆಯಾಗುತ್ತದೆ, ಬಚ್ಚಿಡಬೇಕಾಗುತ್ತದೆ. ಫೋನಿನಲ್ಲಿ ಬಚ್ಚಿಡುವ ಚಿಂತೆಯೇ ಇಲ್ಲ" ಎಂದು ಚಟಪಟ ಮಾತಾಡಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಬಚ್ಚಿಡುವುದಕ್ಕೆ ಜಾಗವೇ ಇಲ್ಲದಿದ್ದರೆ ಏನು ಮಾಡುತ್ತೀ ತಂಗೀ ಎಂದು ಕೇಳಬೇಕೆನಿಸಿತು. ಮಗುವಿಗೆ ಏನು ಕೇಳುವುದು? ಮೊದಲ ಬಹುಮಾನ ಅವಳಿಗೇ ಕೊಟ್ಟೆ.

ಈ ಸಲದ ಪಂಚಮಿಗೆ ಏನೇ ಆಗಲಿ ಎಂದು ಹೋದೆವು. ನೋಟುಗಳನ್ನೇ ತೆಗೆದುಕೊಂಡು ಹೋದೆ. ಹೆಂಡತಿಯೂ ನಾನೂ ಕೂತು ಒಂದು ಉಪಾಯ ಮಾಡಿದ್ದೆವು. ಉಡಿಯಲ್ಲಿ ಎಲ್ಲರಿಗೂ ಕಾಣುವಂತೆ ಒಂದು ಐನೂರರ ನೋಟು, ಮಿಷನ್ನಿನ ಪೂರ್ತಿ ರೊಕ್ಕ ಮಾತ್ರ ಖಣದ ಮಡಿಕೆಯೊಳಗೆ, ಪಿನ್ನು ಹಾಕಿ. ಖಣ ಬಿಚ್ಚಬೇಡ, ದರ್ಜಿಗೂ ಕೊಡಬೇಡ, ನಾನೇ ಬಂದು ಹುಬ್ಬಳ್ಳಿಗೆ ಕರೆದುಕೊಂಡು ಹೋಗುತ್ತೇನೆ. ಇಷ್ಟು ಅವಳಿಗೆ ಹೇಳಿದರೆ ಮುಗಿಯಿತು.

ಒಳಮನೆಯಲ್ಲಿ ಹೆಂಡತಿ ಉಡಿ ತುಂಬಿದಳು. ಹಬ್ಬದ ದಿನವೂ ನಡೆಯುತ್ತಿದ್ದ ಗಿರಣಿ ಆವತ್ತು ಕರೆಂಟು ಹೋಗಿ ಬಂದ್ ಆಗಿತ್ತು. ಆ ಮನೆ ಅಷ್ಟು ಸುಮ್ಮನಿದ್ದುದನ್ನು ನಾನು ಯಾವತ್ತೂ ನೋಡಿರಲಿಲ್ಲ. ಪಡಸಾಲೆಯಲ್ಲಿ ಮಾಮಾ ಉಂಡಿ ಕಡಿಯುವ ಸಪ್ಪಳವೂ ಕೇಳುತ್ತಿತ್ತು. ನಾನು ಅಕ್ಕನ ಕಿವಿಗೆ ಬಾಯಿ ಹಚ್ಚಿ ಮೆಲ್ಲಗೆ, "ಖಣದಾಗ ಐತಿ" ಎಂದೆ.

"ಏನ?" ಎಂದಳು.

"ಖಣದಾಗ."

"ಹೆಣಾನ? ಯಾರ ಹೆಣಾನೋ, ಹಬ್ಬದಾಗ?" ಅವಳ ಮುಖ ಬಿಳಿಚಿತು.

ಬರೆದು ತೋರಿಸೋಣವೆಂದರೆ ಅಕ್ಕ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಅವಳ ತಮ್ಮ ಮಾಸ್ತರ. ಖಣವನ್ನು ಮುಟ್ಟಿ ತೋರಿಸಿದೆ, ಬಣ್ಣ ಚೆನ್ನಾಗಿದೆ ಎಂದು ತಲೆಯಾಡಿಸಿದಳು. ಹೆಂಡತಿ ಕೈಸನ್ನೆ ಮಾಡಿದಳು, ಅದೂ ಹತ್ತಲಿಲ್ಲ. ತಡೆಯಲಾರದೆ ದನಿ ಸ್ವಲ್ಪ ಏರಿಸಿದೆ. "ಖಣದ ಮಡಿಕ್ಯಾಗ ರೊಕ್ಕ ಐತಿ ಬೇ, ಮಿಷನ್ನಿಂದು!"

"ಕೇಳಸವಲ್ದೋ ತಮ್ಮಾ" ಎಂದು ಅಕ್ಕ ಅಳು ಬಂದವಳಂತೆ ನನ್ನ ಕೈ ಹಿಡಿದಳು.

ಪಡಸಾಲೆಯಿಂದ ಮಾಮಾನ ದನಿ ಬಂತು. ಗಿರಣಿಯ ಮೇಲೆ ಕೂಗಿ ಕೂಗಿ ಪಳಗಿದ ದನಿ. ನಮಗೆ ಉಪಕಾರ ಮಾಡಲೆಂದೇ ಕೂಗಿದರು. "ಖಣದಾಗ ರೊಕ್ಕ ಇಟ್ಟಾನಂತ ನಿನ್ನ ತಮ್ಮ! ಮಡಿಕಿ ಬಿಚ್ಚಿ ನೋಡು!"

ಅದು ಅವಳಿಗೆ ಕೇಳಿಸಿತು. ನನ್ನ ಕೈ ಬಿಟ್ಟಳು. ನಿಧಾನವಾಗಿ ಖಣ ಬಿಚ್ಚಿ, ಪಿನ್ನು ತೆಗೆದು, ನೋಟುಗಳನ್ನು ಹಿಡಿದುಕೊಂಡು ಪಡಸಾಲೆಗೆ ಹೋದಳು. ಮಾಮಾ ಕೇಳಿರಲಿಲ್ಲ, ಕೊಡು ಅಂದಿರಲಿಲ್ಲ. ಅವಳೇ ಕೊಟ್ಟು ಬಂದಳು. ಬಂದು ನನ್ನ ಪಕ್ಕದಲ್ಲಿ ಕೂತು, ತನ್ನ ಮಟ್ಟಿಗೆ ಮೆಲ್ಲಗೆ, ಆದರೆ ಇಡೀ ಮನೆಗೆ ಕೇಳಿಸುವಂತೆ ಹೇಳಿದಳು, "ಬರೂ ವರ್ಷ ಫೋನಿಗೇ ಹಾಕೋ ತಮ್ಮಾ. ನಾ ನನ್ನ ಕೈಯ್ಯಾರ ಕೊಡೂದರ ತಪ್ಪತೈತಿ."